ದೊಡ್ಡ ಡಾಕ್ಟರು ದಯವಿಟ್ಟು ಬೇಗ ಬರಬೇಕು

ಈ ಆಸ್ಪತ್ರೆಯಲ್ಲಿ ನನ್ನನ್ನು ನೋಡಿದವರು ಕಡಿಮೆ, ಕೇಳದವರು ಯಾರೂ ಇಲ್ಲ. ನೆಲಮಹಡಿಯಲ್ಲಿ, ದೊಡ್ಡ ಮೆಟ್ಟಿಲಿನ ಕೆಳಗೆ, ಗಾಜಿನ ಕಿಟಕಿ ಇರುವ ಪುಟ್ಟ ಕೋಣೆ ನನ್ನದು. ಒಂದು ಮೇಜು, ಒಂದು ಮೈಕು, ಒಂದು ಇಂಟರ್‌ಕಾಮ್, ಎರಡು ಕುರ್ಚಿ. ಒಂದರಲ್ಲಿ ನಾನು, ಇನ್ನೊಂದರಲ್ಲಿ ನನ್ನ ಕೈಚೀಲ. ಚಪ್ಪಲಿ ಮೇಜಿನ ಕೆಳಗೆ. ಕಾಲು ಬಿಗಿದುಕೊಂಡಿದ್ದರೆ ನನಗೆ ದನಿ ಏಳುವುದಿಲ್ಲ, ಅದಕ್ಕೇ ಬಂದ ತಕ್ಷಣ ಚಪ್ಪಲಿ ಕಳಚಿ ಕೂರುತ್ತೇನೆ. ಯಾವ ರೋಗಿಯ ಕಡೆಯವರು ಎಲ್ಲಿಗೆ ಬರಬೇಕು, ಯಾವ ಡಾಕ್ಟರು ಎಲ್ಲಿದ್ದರೂ ಓಡಿ ಬರಬೇಕು ಅಂತ ಬೆಳಗಿನಿಂದ ಸಂಜೆವರೆಗೆ ಕೂಗುವುದು ನನ್ನ ಕೆಲಸ. ಹುಟ್ಟಿದಾಗ ಇಟ್ಟ ಹೆಸರು ಯಾವತ್ತೋ ಮೂಲೆ ಸೇರಿತು. ಎಲ್ಲರಿಗೂ ನಾನು ಮೈಕಮ್ಮ.

ಈ ಕೋಣೆಯಲ್ಲಿ ಕೂತೇ ಇಡೀ ಆಸ್ಪತ್ರೆಯನ್ನು ಅರೆದು ಕುಡಿದಿದ್ದೇನೆ. ಮೂಳೆ ವಿಭಾಗದ ಮುಂದೆ ಕೂತವರು ತಾವು ಬಿದ್ದ ಕಥೆಯನ್ನು ಪಕ್ಕದವರಿಗೆ ಹೇಳದೆ ಬಿಡುವುದಿಲ್ಲ. ಹೇಳುವ ರಭಸಕ್ಕೆ ಇನ್ನೊಂದು ಸಲ ಬೀಳುವುದೊಂದು ಬಾಕಿ. ಕಣ್ಣಿನ ವಿಭಾಗದವರು ಔಷಧಿ ಬಿಡಿಸಿಕೊಂಡು ಚಾವಣಿಗೆ ಮುಖ ಮಾಡಿ ಕೂತಿರುತ್ತಾರೆ. ಕಿವಿ-ಮೂಗು-ಗಂಟಲಿನವರನ್ನು ಎರಡೆರಡು ಸಲ ಕೂಗಬೇಕು, ಅದೂ ಗಟ್ಟಿಯಾಗಿ. ಚರ್ಮದ ವಿಭಾಗದಲ್ಲಿ ಯಾರ ಕೈಯೂ ಸುಮ್ಮನಿರುವುದಿಲ್ಲ. ಹೆರಿಗೆ ವಿಭಾಗದ ಹೊರಗೆ ಗಂಡಸರು ಅಡ್ಡಾಡಿ ಅಡ್ಡಾಡಿ ನೆಲ ಸವೆಸಿದ್ದಾರೆ. ಮಕ್ಕಳ ವಿಭಾಗದಿಂದ ಫೋನ್ ಬಂದರೆ ಹಿಂದಿನ ಅಳುವಿನಲ್ಲಿ ಸಿಸ್ಟರ್ ಮಾತೇ ಕೇಳಿಸುವುದಿಲ್ಲ. ಹೃದ್ರೋಗ ವಿಭಾಗ ಮಾತ್ರ ಗಪ್‌ಚುಪ್. ಅಲ್ಲಿ ಒಬ್ಬೊಬ್ಬರೂ ತಮ್ಮ ಎದೆಗೇ ಕಿವಿಕೊಟ್ಟು ಕೂತಿರುತ್ತಾರೆ.

ಇಷ್ಟು ಡಾಕ್ಟರುಗಳ ನಡುವೆ ಒಬ್ಬರು ಮಾತ್ರ ಇಲ್ಲದ ಡಾಕ್ಟರು. ಅವರನ್ನೂ ನಾನೇ ಕರೆಯುತ್ತೇನೆ.

ನಾನು ಕೆಲಸಕ್ಕೆ ಸೇರಿದ ಕಾಲಕ್ಕೆ ಇಲ್ಲಿ ಎಲ್ಲ ನರ್ಸುಗಳ ಮೇಲೆ ಒಬ್ಬರು ದೊಡ್ಡ ಸಿಸ್ಟರ್ ಇದ್ದರು. ಯಾರಾದರೂ ತೀರಿಕೊಂಡರೆ ಶವಾಗಾರದ ಗಾಡಿ ಕರೆಸಬೇಕಲ್ಲ? ಗಾಡಿ ತಳ್ಳುವವನು ಒಂದು ಕಡೆ ನಿಲ್ಲುವ ಆಸಾಮಿಯಲ್ಲ. ಬಟ್ಟೆ ಒಗೆಯುವ ಕಡೆಯೋ, ಆಕ್ಸಿಜನ್ ಸಿಲಿಂಡರ್ ಹೊರುವ ಕಡೆಯೋ ಇರುತ್ತಾನೆ. ಫೋನಿಗೆ ಸಿಗುವುದಿಲ್ಲ. ಹಾಗಂತ 'ಹೆಣದ ಗಾಡಿ ಮೂಳೆ ವಿಭಾಗಕ್ಕೆ ಬರಲಿ' ಅಂತ ಮೈಕಿನಲ್ಲಿ ಕೂಗಿದರೆ ಕಾಲು ಮುರಿದವನೂ ಎದ್ದು ಓಡುತ್ತಾನೆ. ಅದಕ್ಕೆ ದೊಡ್ಡ ಸಿಸ್ಟರ್ ಒಂದು ಉಪಾಯ ಮಾಡಿದ್ದರು. ಯಾವ ವಿಭಾಗದಲ್ಲಿ ಸಾವಾದರೂ ಅಲ್ಲಿನ ಸಿಸ್ಟರ್ ನನಗೆ ಫೋನ್ ಮಾಡಿ, "ದೊಡ್ಡ ಡಾಕ್ಟರನ್ನ ಕರೀರಿ" ಅನ್ನಬೇಕು. ನಾನು "ದೊಡ್ಡ ಡಾಕ್ಟರು ದಯವಿಟ್ಟು ಮೂಳೆ ವಿಭಾಗಕ್ಕೆ ಬರಬೇಕು. ದಯವಿಟ್ಟು ಬೇಗ ಬರಬೇಕು" ಅಂತ ಕೂಗಬೇಕು. ಗಾಡಿಯವನಿಗೆ ಗೊತ್ತಾಗುತ್ತದೆ, ರೋಗಿಗಳಿಗೆ ಗೊತ್ತಾಗುವುದಿಲ್ಲ. ಗೊತ್ತಾಗದಿರುವುದಿರಲಿ, ಆ ಕೂಗು ಕೇಳಿ ಎಷ್ಟೋ ಜನ ಖುಷಿಪಡುತ್ತಿದ್ದರು. ಸದ್ಯ, ದೊಡ್ಡ ಡಾಕ್ಟರೇ ಬರ್ತಿದ್ದಾರಲ್ಲ ಅಂತ.

"ಬಾಯಿಪಾಠ ಒಪ್ಪಿಸೋ ಹಾಗೆ ಕೂಗಬೇಡ" ಅಂತ ದೊಡ್ಡ ಸಿಸ್ಟರ್ ನನಗೆ ಹೇಳಿಕೊಟ್ಟಿದ್ದರು. "ದನಿ ಸುಳ್ಳು ಹೇಳಿದ್ರೆ ಜನಕ್ಕೆ ಗೊತ್ತಾಗತ್ತೆ. ನಿಜವಾಗ್ಲೂ ಒಬ್ಬ ಡಾಕ್ಟ್ರನ್ನ ಕಣ್ಮುಂದೆ ನಿಲ್ಲಿಸ್ಕೊಂಡು ಕರಿ."

ಸರಿ ಅಂತ ನಾನೂ ಒಬ್ಬರನ್ನು ನಿಲ್ಲಿಸಿಕೊಂಡೆ. ನರೆತ ಕೂದಲು, ದಪ್ಪ ಚೌಕಟ್ಟಿನ ಕನ್ನಡಕ, ಬಿಳಿ ಕೋಟು, ಜೇಬಿನಲ್ಲಿ ನೀಲಿಯದೊಂದು ಕೆಂಪಿನದೊಂದು ಪೆನ್ನು. ಅವಸರದ ಮನುಷ್ಯ ಅಂದುಕೊಂಡು ಕೋಟಿನ ಗುಂಡಿಗಳನ್ನು ತಪ್ಪಾಗಿ ಹಾಕಿಸಿದೆ. ಆಮೇಲೆ ಅವರನ್ನು ಕರೆದಾಗಲೆಲ್ಲ ಅವರೇ ಕಣ್ಮುಂದೆ ಬರುತ್ತಿದ್ದರು. ದೊಡ್ಡ ಸಿಸ್ಟರ್ ನಿವೃತ್ತರಾಗಿ ಹೋದರು. ಪದ್ಧತಿ ಮಾತ್ರ ಉಳಿಯಿತು.

ನನಗೆ ಹಿಂದೆಮುಂದೆ ಅಂತ ಇದ್ದವಳು ಅಕ್ಕ ಒಬ್ಬಳೇ. ಅಮ್ಮ ಹೋದಾಗ ನಾನಿನ್ನೂ ಅಂಬೆಗಾಲು ಇಡುತ್ತಿದ್ದೆ. ಅಕ್ಕನೇ ಎತ್ತಿ ಆಡಿಸಿದ್ದು, ಅಕ್ಕನೇ ಬೆನ್ನಿಗೆ ಗುದ್ದಿ ಬುದ್ಧಿ ಹೇಳಿದ್ದು. ಅವಳು ಈಗ ಮೂರನೇ ಮಹಡಿಯ ಶ್ವಾಸಕೋಶ ವಿಭಾಗದಲ್ಲಿ, ಕಿಟಕಿ ಪಕ್ಕದ ಮಂಚದಲ್ಲಿ ಮಲಗಿದ್ದಳು. ಕೆಮ್ಮು ಅಂತ ಬಂದವಳು ಮನೆಗೆ ಹೋಗುವ ಮಾತೇ ಇರಲಿಲ್ಲ. ರಕ್ತ ತೆಗೆದರು, ಎಕ್ಸ್-ರೇ ತೆಗೆದರು, ಸ್ಕ್ಯಾನಿಂಗ್ ಯಂತ್ರದೊಳಗೆ ತಳ್ಳಿ ಹೊರಗೆಳೆದರು, ಹೃದಯದವರು ಬಂದು ನೋಡಿದರು, ಮೂತ್ರಪಿಂಡದವರು ಬಂದು ನೋಡಿದರು. ಊಟದ ಬಿಡುವಿನಲ್ಲಿ ನಾನು ಮೇಲೆ ಹೋಗಿ ಕೂರುತ್ತಿದ್ದೆ. ಕೆಲಸದವಳು ಅಂತ ನನ್ನನ್ನು ಬಿಡುತ್ತಿದ್ದರು. ಮಿಕ್ಕವರ ಕಡೆಯವರೆಲ್ಲ ಸಂಜೆಯವರೆಗೆ ಬಾಗಿಲಾಚೆ ಕಾಯಬೇಕು, ಅದು ಇಲ್ಲಿನ ಕಾನೂನು.

ಒಂದು ದಿನ ಅಕ್ಕ ಆಕ್ಸಿಜನ್ ಮುಖವಾಡ ಸರಿಸಿಕೊಂಡು ನನ್ನನ್ನು ರೇಗಿಸಿದಳು. "ಲೇ ಪುಟ್ಟಿ, ಕಂಡಕಂಡವರಿಗೆಲ್ಲ ದೊಡ್ಡ ಡಾಕ್ಟ್ರನ್ನ ಕರೀತೀಯ. ದಿನಾ ಕೇಳಿಸ್ಕೋತೀನಿ. ಒಡಹುಟ್ಟಿದ ಅಕ್ಕನಿಗೆ ಅಂತ ಒಂದ್ಸಲ ಕರೆಯೋಕೆ ನಿನ್ನ ನಾಲಿಗೆ ಏಳಲ್ವಾ?"

ನಾನು ಮನೆಯಲ್ಲಿ ಈ ಗುಟ್ಟು ಬಿಟ್ಟುಕೊಟ್ಟಿರಲಿಲ್ಲ. "ಸುಮ್ನೆ ಮಲಗು ಅಕ್ಕ, ಅವರಿಗೆ ನಿನ್ನಂಥವರನ್ನ ನೋಡೋಕೆ ಪುರುಸೊತ್ತಿಲ್ಲ" ಅಂದೆ.

"ಇರ್ಲಿ ಬಿಡು, ದೊಡ್ಡೋರ ಸಹವಾಸ ನಮಗ್ಯಾಕೆ" ಅಂತ ಅವಳು ನಕ್ಕು, ನಗು ಕೆಮ್ಮಾಗಿ, ಕೆಮ್ಮು ನಿಲ್ಲದೆ, ಸಿಸ್ಟರ್ ಓಡಿ ಬಂದು ನನ್ನನ್ನು ಬೈದು ಕಳಿಸಿದಳು. ಅಕ್ಕ ಹೋದರೆ ನನ್ನನ್ನು ಪುಟ್ಟಿ ಅನ್ನುವವರು ಈ ಭೂಮಿ ಮೇಲೆ ಯಾರೂ ಇರುವುದಿಲ್ಲ ಅಂತ ಮೆಟ್ಟಿಲಿಳಿಯುವಾಗ ಅನ್ನಿಸಿತು.

ಅದೇ ವಾರ ಶುರುವಾದದ್ದು ಇದು.

ಬೆಳಿಗ್ಗೆ ಹೊರರೋಗಿಗಳ ಸಾಲು ಮುಂಬಾಗಿಲಾಚೆಗೆ ಹೋಗಿದ್ದ ಹೊತ್ತು. ಇಂಟರ್‌ಕಾಮ್ ಬಡಿದುಕೊಂಡಿತು. ಗಂಡಸಿನ ದನಿ. ಖಾಲಿ ಹಾಲ್‌ನಲ್ಲಿ ನಿಂತು ಮಾತಾಡಿದ ಹಾಗೆ ಸ್ವಲ್ಪ ಮಾರ್ದನಿ.

"ದೊಡ್ಡ ಡಾಕ್ಟರನ್ನ ಚರ್ಮದ ವಿಭಾಗಕ್ಕೆ ಕರೀರಿ. ಬೇಗ."

ತುರಿಕೆ ಬಂದು ಸತ್ತವರನ್ನು ನಾನು ಕೇಳಿರಲಿಲ್ಲ. ಆದರೂ ಯಾರೋ ಹೊಸ ನರ್ಸ್ ಇರಬೇಕು, ನನಗೇಕೆ ಊರ ಉಸಾಬರಿ ಅಂತ ಕೂಗಿಬಿಟ್ಟೆ.

ಸ್ವಲ್ಪ ಹೊತ್ತಿಗೆ ಗಾಡಿಯಣ್ಣ ಬಂದು ನನ್ನ ಕಿಟಕಿ ಗಾಜು ಬಡಿದ. ಶವಾಗಾರದ ಗಾಡಿ ತಳ್ಳುವವನು ಅವನೇ. ಅವನ ಅಸಲಿ ಹೆಸರು ಸಂಬಳದ ದಿನ ಬಿಟ್ಟರೆ ಬೇರೆ ದಿನ ಯಾರ ಬಾಯಲ್ಲೂ ಬರುವುದಿಲ್ಲ. ಎಂಥ ಹೆಣ ಕಂಡರೂ ಹಾಡು ಗುನುಗುವವನ ಮುಖ ಅವತ್ತು ಬಿಳಿಚಿಕೊಂಡಿತ್ತು.

"ಮೈಕಮ್ಮ, ಯಾರು ನಿಮಗೆ ಫೋನ್ ಮಾಡಿದ್ದು?"

"ಯಾಕೆ, ಏನಾಯ್ತು?"

"ನಾನು ಗಾಡಿ ತಗೊಂಡು ಹೋದೆ. ಅಲ್ಲಿನ ಸಿಸ್ಟರು, 'ಇಲ್ಲಿ ಯಾರನ್ನ ಹೊತ್ಕೊಂಡು ಹೋಗ್ತೀಯೋ ಮಾರಾಯ' ಅಂತ ನಕ್ಕರು. ನನಗೂ ನಗು ಬಂತು. ಸರಿ ಅಂತ ಗಾಡಿ ತಿರುಗಿಸ್ತಾ ಇದ್ದೆ. ಬೆಂಚಿನ ತುದೀಲಿ ಒಬ್ಬ ಮೊಣಕೈ ತುರಿಸ್ಕೊಳ್ತಾ ಕೂತಿದ್ದ. ಹಂಗೇ ಪಕ್ಕಕ್ಕೆ ವಾಲಿದ."

"ಆಮೇಲೆ?"

"ಆಮೇಲೇನು, ಗಾಡಿ ಅಲ್ಲೇ ಇತ್ತಲ್ಲ." ಅವನು ಹಣೆ ಒರೆಸಿಕೊಂಡ. "ನೀವು ಕೂಗಿದಾಗ ಅವನು ತುರಿಸ್ಕೊಳ್ತಿದ್ದ ಮೈಕಮ್ಮ. ಬದುಕಿದ್ದ."

ಕಾಕತಾಳೀಯ ಅಂತ ಅವನಿಗೂ ಹೇಳಿದೆ, ನನಗೂ ಹೇಳಿಕೊಂಡೆ. ಎರಡು ದಿನ ಬಿಟ್ಟು ಅದೇ ದನಿ, "ಮೂಳೆ ವಿಭಾಗಕ್ಕೆ, ಬೇಗ" ಅಂತು. ಮೂಳೆ ವಿಭಾಗದಲ್ಲಿ ಆಗೀಗ ಸಾವಾಗುವುದುಂಟು, ಕೂಗಿದೆ. ಗಾಡಿಯಣ್ಣ ಹೋಗುವ ಹೊತ್ತಿಗೆ ಅಲ್ಲಿ ಒಬ್ಬ ಹೆಂಗಸು ಮಂಚದ ಮೇಲೆ ಕೂತು ತಲೆ ಬಾಚಿಸಿಕೊಳ್ಳುತ್ತಿದ್ದಳಂತೆ. ಜಡೆ ಮುಗಿಯಲಿಲ್ಲವಂತೆ.

ನಾನು ಊಟ ಬಿಟ್ಟು ಅಲ್ಲಿಗೆ ಓಡಿದೆ. ಖಾಲಿಯಾದ ಮಂಚದ ಪಕ್ಕದಲ್ಲಿ ಸೊಂಟ ಮುರಿದುಕೊಂಡ ಒಬ್ಬ ಅಜ್ಜಿ ಮಲಗಿದ್ದರು. ಪಕ್ಕದವಳು ತೀರಿಕೊಂಡಿದ್ದಾಳೆ ಅನ್ನುವುದು ಅವರಿಗೆ ಇನ್ನೂ ತಿಳಿದಿರಲಿಲ್ಲ.

"ನಿಮ್ಮ ದೊಡ್ಡ ಡಾಕ್ಟ್ರು ಬಂದಿದ್ರಮ್ಮ" ಅಂದರು. "ಎಂಥ ಒಳ್ಳೆ ಮನುಷ್ಯ! ಓಡೋಡಿ ಬಂದು ಏದುಸಿರು ಬಿಡ್ತಿದ್ರು. ಪಾಪ, ಕೋಟಿನ ಗುಂಡೀನೂ ಅಡ್ಡಾದಿಡ್ಡಿ ಹಾಕ್ಕೊಂಡಿದ್ರು. ಬಂದೋರೇ ಅವಳ ಕೈ ಹಿಡ್ಕೊಂಡು ಕೂತ್ರು. ಒಂದು ಮಾತ್ರೆ ಇಲ್ಲ, ಸೂಜಿ ಇಲ್ಲ. ಆದ್ರೆ ಒಂದು ವಿಚಿತ್ರ ನೋಡು, ಅಷ್ಟು ದೊಡ್ಡ ಡಾಕ್ಟ್ರಿಗೆ ಕಾಲಲ್ಲಿ ಒಂದು ಜೊತೆ ಚಪ್ಪಲಿ ಬೇಡ್ವಾ? ಬರಿಗಾಲು!"

ಗುಂಡಿಯ ವಿಷಯ ನಾನು ಯಾರಿಗೂ ಹೇಳಿದವಳಲ್ಲ, ದೊಡ್ಡ ಸಿಸ್ಟರಿಗೂ ಹೇಳಿದವಳಲ್ಲ. ಅದು ನನ್ನ ತಲೆಯೊಳಗೆ ಮಾತ್ರ ಇದ್ದದ್ದು.

ಕೋಣೆಗೆ ಬಂದು ಬಾಗಿಲು ಹಾಕಿಕೊಂಡು ಮೈಕನ್ನೇ ನೋಡುತ್ತಾ ಕೂತೆ. ಇಷ್ಟು ವರ್ಷ ಸತ್ತ ಮೇಲೆ ಕರೆಯುತ್ತಿದ್ದೆ. ಈಗ ಕರೆದ ಮೇಲೆ ಸಾಯುತ್ತಿದ್ದಾರೆ. ಅಂದರೆ ನನ್ನ ದನಿಯೇ ಅವರನ್ನು ಕೊಲ್ಲುತ್ತಿದೆಯಾ? ಇನ್ನು ಮೇಲೆ ಗುರುತಿನ ಸಿಸ್ಟರ್ ದನಿ ಕೇಳದೆ ಜಪ್ಪಯ್ಯ ಅಂದರೂ ಬಾಯಿ ಬಿಡಬಾರದು ಅಂತ ತೀರ್ಮಾನ ಮಾಡಿದೆ.

ಮಾರನೇ ದಿನ, ಕಿಟಕಿಯಿಂದ ಎಳೆಬಿಸಿಲು ಮೇಜಿನ ಮೇಲೆ ಬಿದ್ದಿದ್ದಾಗ, ಫೋನ್ ಬಂತು.

"ದೊಡ್ಡ ಡಾಕ್ಟರನ್ನ ಶ್ವಾಸಕೋಶ ವಿಭಾಗಕ್ಕೆ ಕರೀರಿ."

"ಯಾವ ಮಂಚ?" ಅಂದೆ.

"ಕಿಟಕಿ ಪಕ್ಕದ್ದು. ಬೇಗ. ದಯವಿಟ್ಟು."

"ಕರೆಯಲ್ಲ!" ಅಂತ ಕಿರುಚಿದೆ. "ಯಾರ್ರೀ ನೀವು? ನಿಮ್ಮ ಮನೆ ಹಾಳಾಗ! ನನ್ನ ಬಾಯಿಂದ ನನ್ನ ಅಕ್ಕನ್ನ ಕೊಲ್ಲಿಸ್ತೀರಾ?" ಅಂತ ರಿಸೀವರ್ ಕುಕ್ಕಿದೆ. ಮತ್ತೆ ಬಡಿದುಕೊಂಡಿತು. ಎತ್ತಿ ಮೇಜಿನ ಮೇಲೆ ಮಲಗಿಸಿದೆ. ಮಲಗಿದ ರಿಸೀವರಿನಿಂದಲೂ ಆ ದನಿ ಸಣ್ಣಗೆ, "ಬೇಗ... ಬೇಗ..." ಅನ್ನುತ್ತಲೇ ಇತ್ತು. ತಂತಿ ಕಿತ್ತುಹಾಕಿದೆ. ಆಗಲೂ ನಿಲ್ಲಲಿಲ್ಲ.

ನನಗೆ ಹೆದರಿಕೆ ಜಾಸ್ತಿಯಾದರೆ ಸಿಟ್ಟು ಬರುತ್ತದೆ, ಅದು ಹುಟ್ಟುಗುಣ. ಮೈಕಿನ ಗುಂಡಿ ಒತ್ತಿದೆ. "ದೊಡ್ಡ ಡಾಕ್ಟರು ದಯವಿಟ್ಟು ಮೈಕಿನ ಕೋಣೆಗೆ ಬರಬೇಕು. ದಯವಿಟ್ಟು ಬೇಗ ಬರಬೇಕು."

ಹೇಳಿದ ಮೇಲೆ ಹೊಳೆಯಿತು, ಅವರನ್ನು ಎಲ್ಲಿಗೆ ಕರೆದರೆ ಅಲ್ಲಿ ಒಂದು ಜೀವ ಹೋಗುತ್ತದೆ. ಈ ಕೋಣೆಯಲ್ಲಿ ಇದ್ದ ಜೀವ ನನ್ನದೊಂದೇ. ಕಿಟಕಿಯಾಚೆ, ಹಾಲ್‌ನ ಆ ತುದಿಯಲ್ಲಿ, ಗಾಡಿಯಣ್ಣ ಗಾಡಿ ತಳ್ಳಿಕೊಂಡು ಕಾಣಿಸಿಕೊಂಡ. ಗಾಜಿನೊಳಗೆ ನಾನು ಕೂತಿರುವುದನ್ನು ನೋಡಿ ಅವನ ಬಾಯಿ ತೆರೆದುಕೊಂಡಿತು. ಮುಂದೆ ಬರುವುದೋ ಹಿಂದೆ ಹೋಗುವುದೋ ತಿಳಿಯದೆ ಅಲ್ಲೇ ನಿಂತ.

ಬಾಗಿಲು ತೆರೆಯಿತು.

ನಾನು ಹೇಗೆ ಅಂದುಕೊಂಡಿದ್ದೆನೋ ಹಾಗೇ ಇದ್ದರು. ನರೆತ ಕೂದಲು, ದಪ್ಪ ಕನ್ನಡಕ, ಒಂದು ನೀಲಿ ಪೆನ್ನು, ಒಂದು ಕೆಂಪು ಪೆನ್ನು, ಅಡ್ಡಾದಿಡ್ಡಿ ಗುಂಡಿ. ಕೆಳಗೆ ನೋಡಿದೆ. ಬರಿಗಾಲು. ಇಷ್ಟು ವರ್ಷ ಅವರನ್ನು ಕಣ್ಮುಂದೆ ನಿಲ್ಲಿಸಿಕೊಂಡಿದ್ದೆ, ಒಂದು ದಿನವೂ ಕಾಲಿಗೆ ಏನಾದರೂ ಹಾಕಿಸಬೇಕು ಅಂತ ನನಗೆ ಹೊಳೆದಿರಲಿಲ್ಲ. ಪಾದಗಳು ಒಡೆದು ಕಪ್ಪಾಗಿದ್ದವು.

ಅವರು ಏದುಸಿರು ಬಿಡುತ್ತಾ ನಿಂತರು. ನಾನು ಕೈಚೀಲ ತೆಗೆದು ಕೆಳಗಿಟ್ಟೆ. ಅವರು ಕುರ್ಚಿಯ ಅಂಚಿನಲ್ಲಿ, ಮನೆಗೆ ಬಂದ ಹೊಸ ನೆಂಟರ ಹಾಗೆ ಕೂತರು.

"ನನ್ನ ಕರೆದ್ರಿ" ಅಂದರು. ತುಟಿ ನನ್ನ ಎದುರಿಗೆ ಅಲುಗಿತು. ಸದ್ದು ಬಂದದ್ದು ಚಾವಣಿಯಲ್ಲಿದ್ದ ಸ್ಪೀಕರಿನ ಪೆಟ್ಟಿಗೆಯಿಂದ.

ಆದರೂ ಬಾಯಿ ಸುಮ್ಮನಿರಬೇಕಲ್ಲ. "ಕರೆದೆ. ಬೈಯೋಕೆ ಕರೆದೆ. ಆ ಚರ್ಮದವನು ನಿಮಗೇನು ಮಾಡಿದ್ದ? ಜಡೆ ಹಾಕಿಸ್ಕೊಳ್ತಿದ್ದ ಹೆಂಗಸು ಏನು ಮಾಡಿದ್ಲು? ನನ್ನ ಅಕ್ಕ ಏನು ಮಾಡಿದ್ಲು? ಯಾಕೆ ಎಲ್ಲರನ್ನೂ ಹೀಗೆ ಕರ್ಕೊಂಡು ಹೋಗ್ತಿದ್ದೀರಿ?"

"ನಾನು ಕರ್ಕೊಂಡು ಹೋಗೋನಲ್ಲ, ತಾಯಿ. ನಾನು ಬರೋನು, ಅಷ್ಟೆ." ಅವರು ಕನ್ನಡಕ ತೆಗೆದು ಕೋಟಿನ ಅಂಚಿನಲ್ಲಿ ಒರೆಸಿದರು. "ನೀವು ಕರೆದಾಗಲೆಲ್ಲ ಓಡಿದೆ. ಹೃದಯಕ್ಕೆ ಓಡಿದೆ, ನರಕ್ಕೆ ಓಡಿದೆ, ತುರ್ತು ವಿಭಾಗಕ್ಕೆ ಓಡಿದೆ. ಯಾವತ್ತೂ ತಡ. ನಾನು ಹೋಗೋ ಹೊತ್ತಿಗೆ ಮುಖಕ್ಕೆ ಬಟ್ಟೆ ಎಳೆದಿರ್ತಿದ್ರು. ಒಂದೇ ಒಂದು ಸಲವೂ ಜೀವ ಇರೋವಾಗ ತಲುಪಲಿಲ್ಲ. ಡಾಕ್ಟ್ರು ಅಂತ ನೀವೇ ಕರೀತಿದ್ರಿ. ಡಾಕ್ಟ್ರು ಅನ್ನಿಸಿಕೊಂಡವನಿಗೆ ಇದಕ್ಕಿಂತ ನಾಚಿಕೆ ಬೇರೆ ಉಂಟಾ?"

ಅವರು ಕನ್ನಡಕ ಮತ್ತೆ ಹಾಕಿಕೊಂಡರು.

"ಅಷ್ಟು ಸಲ ನೋಡಿ ನೋಡಿ, ಯಾರದು ಹತ್ತಿರ ಬಂತು ಅನ್ನೋದು ಮೊದಲೇ ಗೊತ್ತಾಗೋಕೆ ಶುರುವಾಯ್ತು. ಆದ್ರೆ ನೀವು ಕರೀದೆ ನಾನು ಹೋಗೋ ಹಾಗಿಲ್ಲ. ಅದಕ್ಕೇ ನಾನೇ ನಿಮಗೆ ಫೋನ್ ಮಾಡಿದೆ. ಸ್ವಲ್ಪ ಮುಂಚೆ ಕರೆಸ್ಕೊಂಡೆ. ಅಷ್ಟೇ ನನ್ನ ತಪ್ಪು."

"ಮುಂಚೆ ಹೋಗಿ ಏನು ಕಿಸೀತೀರಿ? ಉಳಿಸ್ತೀರಾ?"

ಅವರು ತಮ್ಮ ಅಂಗೈಗಳನ್ನು ತಿರುಗಿಸಿ ನೋಡಿಕೊಂಡರು. "ನನಗೆ ಮದ್ದು ಗೊತ್ತಿಲ್ಲ. ಯಾರೂ ಹೇಳಿಕೊಟ್ಟಿಲ್ಲ. ಕೈ ಹಿಡ್ಕೋತೀನಿ."

ನನ್ನ ಕಣ್ಣು ತುಂಬಿತು. ಸಿಟ್ಟೋ ಸಂಕಟವೋ ಹೇಳಲಾರೆ. "ಹಾಗಾದ್ರೆ ಇಲ್ಲೇ ಕೂತಿರಿ" ಅಂದೆ. "ನಾನು ಕರೀದೆ ನೀವು ಹೋಗೋ ಹಾಗಿಲ್ಲ ತಾನೇ? ನಾನು ಕರೆಯಲ್ಲ. ನೀವು ಹೋಗಲ್ಲ. ನನ್ನ ಅಕ್ಕ ಮಲಗಿರ್ತಾಳೆ, ನನ್ನ ರೇಗಿಸ್ಕೊಂಡು, ಕೆಮ್ಕೊಂಡು. ಮಲಗಿದ್ದರೂ ಪರವಾಗಿಲ್ಲ, ಇರ್ತಾಳೆ. ನಾನು ಈ ಕುರ್ಚಿ ಬಿಟ್ಟು ಅಲ್ಲಾಡಲ್ಲ."

"ನಾನು ಹೋಗದಿದ್ರೆ ಸಾವು ನಿಲ್ಲಲ್ಲ, ತಾಯಿ."

"ಅದು ನೀವು ಹೇಳೋದು."

ಹೊರಗೆ ಔಷಧಿ ಕೌಂಟರಿನ ಸಾಲು ಮುಂದೆ ಸರಿಯಿತು. ಗಾಲಿಕುರ್ಚಿಯೊಂದು ಕೀಚುಗುಟ್ಟುತ್ತಾ ಹೋಯಿತು. ಗಾಡಿಯಣ್ಣ ಇನ್ನೂ ಅಲ್ಲೇ ನಿಂತಿದ್ದ. ನಾನು ಮೈಕನ್ನು ಎರಡೂ ಕೈಯಲ್ಲಿ ಅವುಚಿಕೊಂಡು ಎದೆಗೆ ಒತ್ತಿಕೊಂಡಿದ್ದೆ.

"ಒಂದು ವಿಷಯ ಹೇಳ್ಲಾ?" ಅಂತ ಚಾವಣಿಯಿಂದ ಬಂತು. "ಕೈ ಹಿಡಿದ ತಕ್ಷಣ ಎಲ್ಲರೂ ಒಂದೇ ಮಾತು ಕೇಳ್ತಾರೆ. ನಮ್ಮೋರು ಎಲ್ಲಿ ಅಂತ. ಆ ಚರ್ಮದ ವಿಭಾಗದವನೂ ಕೇಳ್ದ. ಅವನ ಹೆಂಡ್ತಿ ಅಗೋ ಆ ಸಾಲಲ್ಲಿ ಔಷಧಿಗೆ ನಿಂತಿದ್ಲು. ಆ ಜಡೆ ಹೆಂಗಸಿನ ಮಗ ಬಾಗಿಲಾಚೆ ಕಾಯ್ತಿದ್ದ, ಒಳಗೆ ಬಿಟ್ಟಿರಲಿಲ್ಲ. ನನ್ನ ಹತ್ರ ಅದಕ್ಕೆ ಉತ್ತರ ಇಲ್ಲ, ತಾಯಿ. ಸುಮ್ನೆ ತಲೆ ತಗ್ಗಿಸ್ತೀನಿ."

ನಾನು ಅವರ ಮುಖ ನೋಡಿದೆ.

"ನಿಮ್ಮ ಅಕ್ಕ ಈಗ ಕೇಳ್ತಿದ್ದಾರೆ" ಅಂದರು.

ನಾನು ಕದಲಲಿಲ್ಲ. ಹಟ ಅನ್ನಿ, ಹೆದರಿಕೆ ಅನ್ನಿ. ಎದ್ದರೆ ಅವಳು ಹೋಗುತ್ತಾಳೆ, ಕೂತರೆ ಉಳಿಯುತ್ತಾಳೆ ಅಂತ ಒಂದು ಹುಚ್ಚು ನಂಬಿಕೆ ನನ್ನನ್ನು ಕುರ್ಚಿಗೆ ಕಟ್ಟಿಹಾಕಿತ್ತು.

ಆಗ ಅವರು ಕತ್ತೆತ್ತಿದರು. ಗುಂಡಿ ಒತ್ತಿರಲಿಲ್ಲ, ಮೈಕು ನನ್ನ ಎದೆಯಲ್ಲೇ ಇತ್ತು, ಮೇಜಿನ ಮೇಲಿನ ಕೆಂಪು ದೀಪ ಹತ್ತಿರಲಿಲ್ಲ. ಆದರೂ ಹಾಲ್‌ನಲ್ಲಿ, ಮೆಟ್ಟಿಲ ಮೇಲೆ, ಎಲ್ಲ ಮಹಡಿಗಳಲ್ಲಿ, ಎಲ್ಲ ವಿಭಾಗಗಳಲ್ಲಿ ಆ ದನಿ ಎದ್ದಿತು. ನಾನು ಕೂಗುವ ರಾಗದಲ್ಲೇ, ನಾನು ಉಸಿರು ತೆಗೆದುಕೊಳ್ಳುವ ಜಾಗದಲ್ಲೇ ಉಸಿರು ತೆಗೆದುಕೊಂಡು.

"ಮೈಕಮ್ಮನವರು ದಯವಿಟ್ಟು ಶ್ವಾಸಕೋಶ ವಿಭಾಗಕ್ಕೆ ಬರಬೇಕು. ದಯವಿಟ್ಟು ಬೇಗ ಬರಬೇಕು."

ಔಷಧಿ ಸಾಲಿನಲ್ಲಿ ಒಂದು ತಲೆಯೂ ಮೇಲೇಳಲಿಲ್ಲ. ಗಾಡಿಯಣ್ಣ ಮಾತ್ರ ಸ್ಪೀಕರಿನ ಕಡೆ ನೋಡಿ, ನನ್ನ ಕಡೆ ನೋಡಿ, ಗಾಡಿಯನ್ನು ಸರ್ರನೆ ಗೋಡೆಗೆ ಒತ್ತಿ ದಾರಿ ಬಿಟ್ಟ.

ನಾನು ಓಡಿದೆ. ಲಿಫ್ಟಿನಲ್ಲಿ ಸ್ಟ್ರೆಚರ್ ಇತ್ತು, ಮೆಟ್ಟಿಲು ಹತ್ತಿದೆ. ಎಕ್ಸ್-ರೇ ಸಾಲು ದಾಟಿದೆ, ರಕ್ತನಿಧಿ ದಾಟಿದೆ, ಹೆರಿಗೆ ವಿಭಾಗದ ಹೊರಗೆ ಅಡ್ಡಾಡುತ್ತಿದ್ದ ಒಬ್ಬನಿಗೆ ಡಿಕ್ಕಿ ಹೊಡೆದು ಅವನಿಂದ ಬೈಸಿಕೊಂಡೆ. ಒಂದೊಂದು ತಿರುವಿನಲ್ಲೂ ತಲೆ ಮೇಲಿನ ಪೆಟ್ಟಿಗೆ, "ಬೇಗ ಬರಬೇಕು" ಅನ್ನುತ್ತಿತ್ತು. ಇಷ್ಟು ವರ್ಷ ನಾನು ಎಷ್ಟು ಜನರನ್ನು ಹೀಗೆ ಓಡಿಸಿದ್ದೇನೆ, ಓಡುವವರ ಕಿವಿಗೆ ಆ ಮಾತು ಹೇಗೆ ಕೇಳುತ್ತದೆ ಅನ್ನುವುದು ಅವತ್ತು ತಿಳಿಯಿತು.

ಅಕ್ಕ ಬಾಗಿಲ ಕಡೆಗೇ ಮುಖ ಮಾಡಿ ಮಲಗಿದ್ದಳು. ಸಿಸ್ಟರ್ ಬೇರೆ ಮಂಚದ ಹತ್ತಿರ ಇದ್ದಳು, ಯಾರಿಗೂ ಇನ್ನೂ ಏನೂ ತಿಳಿದಿರಲಿಲ್ಲ. ನಾನು ಹೋಗಿ ಕೈ ಹಿಡಿದುಕೊಂಡೆ. ಏದುಸಿರು ಬಿಡುತ್ತಿದ್ದೆ. ಅಕ್ಕ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ನನ್ನ ಕಾಲುಗಳ ಮೇಲೆ ಅವಳ ಕಣ್ಣು ನಿಂತಿತು. ಚಪ್ಪಲಿ ಮೇಜಿನ ಕೆಳಗೇ ಉಳಿದಿತ್ತು, ಬರಿಗಾಲಲ್ಲಿ ಓಡಿ ಬಂದಿದ್ದೆ.

"ಅಂತೂ ಬಂದ್ರಾ ದೊಡ್ಡ ಡಾಕ್ಟ್ರೇ" ಅಂದಳು. ರೇಗಿಸಿದಳೋ, ನಿಜವಾಗಿಯೂ ಹಾಗೇ ಅಂದುಕೊಂಡಳೋ, ಇವತ್ತಿಗೂ ನನಗೆ ಗೊತ್ತಿಲ್ಲ. ಆಮೇಲೆ ಮೆಲ್ಲಗೆ ಕೇಳಿದಳು, "ನಮ್ಮ ಪುಟ್ಟಿ ಎಲ್ಲಿ?"

"ಇಲ್ಲೇ ಇದ್ದೀನಿ ಅಕ್ಕ" ಅಂದೆ. "ಇಲ್ಲೇ ಇದ್ದೀನಿ."

ಅವಳ ಬೆರಳು ನನ್ನ ಬೆರಳನ್ನು ಬಿಗಿಯಾಗಿ ಹಿಡಿಯಿತು. ಬಿಸಿಲು ಅವಳ ದಿಂಬಿನ ಮೇಲೆ ಬಿದ್ದಿತ್ತು. ಒಂದು ಸಲ ಕೆಮ್ಮಿದಳು. ಇನ್ನೊಂದು ಕೆಮ್ಮು ಬರಲಿಲ್ಲ. ಬೆರಳು ಎಷ್ಟೋ ಹೊತ್ತಿನ ಮೇಲೆ ಸಡಿಲವಾಯಿತು.

ನಾನು ಗೋಳೋ ಅಂತ ಅತ್ತೆ. ಸಿಸ್ಟರ್ ಬಂದು ನಾಡಿ ನೋಡಿ, ನನ್ನ ಭುಜದ ಮೇಲೆ ಕೈಯಿಟ್ಟು ನಿಂತಳು. ಸ್ವಲ್ಪ ಹೊತ್ತಾದ ಮೇಲೆ ಪಾಪ, ಹಿಂಜರಿಯುತ್ತಾ ಕೇಳಿದಳು, "ಮೈಕಮ್ಮ, ಕೂಗಿಸಬೇಕಿತ್ತು. ನೀವೇ ಇಲ್ಲಿದ್ದೀರಿ. ಯಾರಿಗೆ ಹೇಳ್ಲಿ?"

"ನಾನೇ ಕೂಗ್ತೀನಿ" ಅಂದೆ. "ಬೇರೆಯವರು ಬೇಡ."

ವಿಭಾಗದ ಬಾಗಿಲಾಚೆ ಎಂದಿನ ಹಾಗೆ ಜನ ಗೋಡೆಗೊರಗಿ ಸಂಜೆಗೆ ಕಾಯುತ್ತಾ ನಿಂತಿದ್ದರು. ಕಾವಲಿನವನು ಬಾಗಿಲಿಗೆ ಅಡ್ಡ ಕೂತಿದ್ದ. "ಬಿಡೋ ಅವರನ್ನೆಲ್ಲ ಒಳಗೆ" ಅಂದೆ. ಅವನು ಕಾನೂನು ಅಂತ ಬಾಯಿ ತೆಗೆದ. "ನಿನ್ನ ಕಾನೂನಿಗೆ ಬೆಂಕಿ ಬೀಳ, ಬಿಡು ಅಂದ್ರೆ ಬಿಡು" ಅಂತ ನಾನು ಕೂಗಿದ್ದು ಮೈಕಿಲ್ಲದೆಯೂ ಮೂರು ಮಹಡಿಗೆ ಕೇಳಿಸಿರಬೇಕು. ಅವನು ಎದ್ದು ಪಕ್ಕಕ್ಕೆ ನಿಂತ.

ಕೋಣೆಗೆ ಬಂದೆ. ಎರಡನೇ ಕುರ್ಚಿ ಖಾಲಿ. ತಂತಿ ಕಿತ್ತ ಫೋನು ತೆಪ್ಪಗೆ ಬಿದ್ದಿತ್ತು. ಕೂತು, ಮೂಗು ಒರೆಸಿಕೊಂಡು, ಗುಂಡಿ ಒತ್ತಿದೆ. ಕೆಂಪು ದೀಪ ಹತ್ತಿತು. ಅವರನ್ನು ಕಣ್ಮುಂದೆ ನಿಲ್ಲಿಸಿಕೊಂಡೆ. ಎಷ್ಟೋ ಸಾವಿರ ಸಲ ಹೇಳಿದ ಮಾತು ತಾನಾಗಿಯೇ ನಾಲಿಗೆ ತುದಿಗೆ ಬಂತು, ಬರಬೇಕು, ಬೇಗ ಬರಬೇಕು ಅಂತ. ಅದನ್ನು ನುಂಗಿಕೊಂಡೆ.

"ದೊಡ್ಡ ಡಾಕ್ಟರು ಶ್ವಾಸಕೋಶ ವಿಭಾಗಕ್ಕೆ ಬಂದಿದ್ದಾರೆ" ಅಂತ ಕೂಗಿದೆ. "ಹೊತ್ತಿಗೆ ಸರಿಯಾಗಿ ಬಂದಿದ್ದಾರೆ."

ಗಾಜಿನಾಚೆ ಗಾಡಿಯಣ್ಣ ತಲೆಯಾಡಿಸಿದ. ಗಾಡಿಯನ್ನು ಗೋಡೆಯಿಂದ ಬಿಡಿಸಿಕೊಂಡು, ಸದ್ದಾಗದ ಹಾಗೆ ನಿಧಾನವಾಗಿ ತಳ್ಳಿಕೊಂಡು ಲಿಫ್ಟಿನ ಕಡೆ ಹೋದ. ಅವತ್ತು ಅವನು ಹಾಡು ಗುನುಗಲಿಲ್ಲ.

ಅಕ್ಕನ ಜೊತೆ ಹೋಗಬೇಕಿತ್ತು. ಎದ್ದು ನಿಂತು, ಚಪ್ಪಲಿಗಾಗಿ ಮೇಜಿನ ಕೆಳಗೆ ಕಾಲಾಡಿಸಿದೆ. ಸಿಗಲಿಲ್ಲ. ಬಗ್ಗಿ ನೋಡಿದೆ, ಕುರ್ಚಿ ಸರಿಸಿ ನೋಡಿದೆ. ಕೈಚೀಲ ಇಟ್ಟಲ್ಲೇ ಇತ್ತು, ಅದರೊಳಗಿನ ಒಂದು ಕಾಸೂ ಅಲುಗಿರಲಿಲ್ಲ. ಚಪ್ಪಲಿ ಮಾತ್ರ ಇರಲಿಲ್ಲ.

ಹಾಕ್ಕೊಳ್ಳಲಿ ಬಿಡು, ಓಡಾಡುವ ಕಾಲು ಅಂದುಕೊಂಡು, ಬರಿಗಾಲಲ್ಲೇ ಅಕ್ಕನ ಹತ್ತಿರ ಹೋದೆ.